ಪಾಡ್ಯದ ಮುಂಜಾನೆ ಬೆಳ್ಳಗಾದ ಪರದೆ

೧೯೯೧ರಲ್ಲಿ, ಒಂಬತ್ತನೇ ಇಯತ್ತೆಗೇ ಸಾಲಿ ಬಿಟ್ಟೆ ಎಂದು ನಾನು ಎಲ್ಲರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಹೇಳದೇ ಬಚ್ಚಿಟ್ಟದ್ದು ಒಂದೇ — ಸರೋಜಕ್ಕಾ, ಆ ದೀಪಾವಳಿ ಪಾಡ್ಯದ ದಿನ ಕಂಪ್ಯೂಟರ್ ಕೆಡಿಸಿದ್ದು ನೀವಲ್ಲ, ನಾನು.

ಹುಬ್ಬಳ್ಳಿಯ ಆ ಹತ್ತಿ ದಲಾಲರ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂಡುತ್ತಿದ್ದವರು ನೀವು. ಸ್ವಂತ ಓದಿ ಪ್ರೋಗ್ರಾಮ್ ಕಲಿತ ನನ್ನನ್ನು ಅಂಗಡಿಯ ಸಾವಕಾರರು ಬಾಗಿಲಲ್ಲೇ ನಿಲ್ಲಿಸಿದಾಗ, "ಹುಡುಗ ಛಲೋ ಅದಾನ್ರಿ, ಒಮ್ಮೆ ಮಾಡಿಸಿ ನೋಡ್ರಿ" ಎಂದವರೂ ನೀವೇ. ಹತ್ತಿಯ ದರ ಏರಿಳಿಯುವುದನ್ನು ಗೆರೆಯಲ್ಲಿ ತೋರಿಸುವ ಪ್ರೋಗ್ರಾಮ್ ಬರೆದುಕೊಟ್ಟೆ.

ಪರದೆಯ ಮೇಲೆ ಗೆರೆ ಎಳೆಯಲು ಪ್ರೋಗ್ರಾಮು ಪ್ರತಿ ಸಲ ಕಂಪ್ಯೂಟರಿನಿಂದ ಡಿಸಿ, ಅಂದರೆ ಡಿವೈಸ್ ಕಾಂಟೆಕ್ಸ್ಟ್, ಎಂಬುದನ್ನು ಕಡ ಕೇಳಬೇಕು — ಹಲಗೆ, ಬಳಪ ಕೇಳಿದಂತೆ. ಕಂಪ್ಯೂಟರಿನ ಹತ್ತಿರ ಇರುವುದು ಕೆಲವೇ, ಎಳೆದಾದ ಮೇಲೆ ಮರಳಿ ಕೊಡಬೇಕು. ನಾನು ಕೇಳುವ ಸಾಲು ಬರೆದೆ, ಕೊಡುವ ಸಾಲು ಮರೆತೆ. ದಿನಾ ಸಂಜೆ ನೀವು ಕಂಪ್ಯೂಟರ್ ಆರಿಸುತ್ತಿದ್ದಿರಿ. ಆರಿಸಿದರೆ ಕಡವೆಲ್ಲ ತೀರಿದಂತೆ. ಅದಕ್ಕೇ ನನ್ನ ತಪ್ಪು ಹೊರಬೀಳಲಿಲ್ಲ.

ಆ ವರ್ಷ ಲಕ್ಷ್ಮೀಪೂಜೆಯಲ್ಲಿ ತಕ್ಕಡಿಯ ಜೊತೆ ಕಂಪ್ಯೂಟರಿಗೂ ಕುಂಕುಮ ಬಿತ್ತು. ಪೂಜೆಯಾದದ್ದನ್ನು ಬೆಳಗಾಗುವ ತನಕ ಆರಿಸಬಾರದೆಂದರು ಸಾವಕಾರರು. ರಾತ್ರಿಯಿಡೀ ಗೆರೆ ತನ್ನಷ್ಟಕ್ಕೆ ತಾನು ಎಳೆದುಕೊಳ್ಳುತ್ತಲೇ ಇತ್ತು — ಕೇಳುತ್ತ, ಕೊಡದೆ. ಪಾಡ್ಯದ ಮುಂಜಾನೆ, ಹೊಸ ವರ್ಷದ ಮೊದಲ ಮುಹೂರ್ತದ ವ್ಯಾಪಾರಕ್ಕೆ ಮಂದಿ ಕೂಡಿದರೆ ಪರದೆ ಬೆಳ್ಳಗೆ. ಅಕ್ಷರವಿಲ್ಲ, ಗೆರೆಯಿಲ್ಲ. "ಲಕ್ಷ್ಮೀ ಎದ್ದು ಹೋದಳೇನ್ರಿ ಸಾವಕಾರ್ರ?" ಎಂದು ಯಾರೋ ನಕ್ಕರು.

ಸಾವಕಾರರು ಮಂದಿಯ ನಡುವೆ ನಿಂತಿದ್ದ ನನ್ನ ಕಡೆ ತಿರುಗಿದರು. ನನಗೆ ಸಂಶಯ ಬಂದಿತ್ತು — ಅಲ್ಲ, ಗೊತ್ತೇ ಇತ್ತು. ಸಾಲಿ ಬಿಟ್ಟವನ ಕೆಲಸ ಇಷ್ಟೇ ಅಂದುಬಿಟ್ಟಾರು ಎಂಬ ಅಂಜಿಕೆ...

"ಸರೋಜಕ್ಕಾರು ಏನೋ ಒತ್ಯಾರ ಕಾಣಸ್ತೈತ್ರಿ," ಎಂದುಬಿಟ್ಟೆ.

ನೀವು ನನ್ನನ್ನೇ ನೋಡಿದಿರಿ. ಸಾವಕಾರರು ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಿ ಗೋದಾಮಿನಲ್ಲಿ ತೂಕದ ಚೀಟಿ ಬರೆಯಲು ಕಳಿಸಿದರು. ನಾನು ಬಿಟ್ಟ ಸಾಲನ್ನು ಗುಟ್ಟಾಗಿ ಸೇರಿಸಿ ಹೊರಟಾಗ, ಗೋದಾಮಿನ ಬಾಗಿಲಲ್ಲಿ ಚಹಾ ಕೈಗಿಟ್ಟು ಅಂದಿರಿ: "ನಾ ಏನೂ ಮುಟ್ಟಿಲ್ಲ ತಮ್ಮಾ. ನಿನಗೂ ಗೊತ್ತೈತಿ. ಮುಂದ ಕೆಡದಂಗ ನೋಡ್ಕೋ."

ಆಗ ನೀವು ಬಾಯಿ ಬಿಟ್ಟಿದ್ದರೆ ಈ ಊರಲ್ಲಿ ನನಗೆ ಎರಡನೆಯ ಕೆಲಸ ಸಿಗುತ್ತಿರಲಿಲ್ಲ. ನನ್ನ ದುಡಿಮೆ, ನನ್ನ ದುಡಿಮೆ ಎಂದು ಮೆರೆದೆನಲ್ಲ — ಅದರ ಅಡಿಗಲ್ಲು ನಿಮ್ಮ ಮೌನ, ಅಕ್ಕಾ. ಕೈ ಮುಗಿಯುತ್ತೇನೆ ಎಂದರೆ ಸಣ್ಣ ಮಾತಾದೀತು.

ನಿನ್ನೆ ಸಾವಕಾರರ ಮನೆಗೆ ಹೋಗಿ, ಅವರ ಮಕ್ಕಳ ಎದುರಿಗೇ ಎಲ್ಲ ಹೇಳಿ ಬಂದೆ. ಆ ಕುರ್ಚಿ ನಿಮಗೆ ಮರಳಿ ಬರುವುದಿಲ್ಲ, ಬಲ್ಲೆ. ನೀವು ಉಳಿಸಿಕೊಟ್ಟದ್ದು ಈಗ ಇಷ್ಟಿದೆ: ಕೇಶ್ವಾಪುರದಲ್ಲಿ ಒಂದು ಆಫೀಸು, ಆರು ಕಂಪ್ಯೂಟರು, ನಾಲ್ಕು ಮಂದಿ ಕೆಲಸದವರು.