ಅಕ್ಕನ ಬಿಸಿನೀರು

ನಮ್ಮ ಮನೆಗೆ ಕರೆಗಂಟೆ ಒಂದೇ, ಅದು ನನ್ನ ಬಾಗಿಲಿಗಿದೆ. ಕೆಳಗೆ ನಾನು, ಮೇಲಿನ ಮಹಡಿಯಲ್ಲಿ ನನ್ನ ವಾರಗಿತ್ತಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಗಂಟೆ ಬಾರಿಸಿದಾಗಲೆಲ್ಲ ಕೈ ಒರೆಸಿಕೊಂಡು ಹೋಗಿ ಬಾಗಿಲು ತೆಗೆಯುವವಳು ನಾನು, "ಅಕ್ಕ ಇದ್ದಾರಾ?" ಅನ್ನಿಸಿಕೊಳ್ಳುವವಳೂ ನಾನು. ನನ್ನನ್ನೇ ಹುಡುಕಿಕೊಂಡು ಬರುವವನು ಮೀಟರ್ ನೋಡುವವನೊಬ್ಬನೇ.

ಉತ್ತರದ ಈ ಬಂದರಿನಲ್ಲಿ ಅಕ್ಕ ಎಂದರೆ ಅವಳೇ. ಅವಳಿಗಿಂತ ಹಿರಿಯರೂ ಅಕ್ಕ ಅನ್ನುತ್ತಾರೆ, ಬ್ರೆಡ್ ಅಂಗಡಿಯ ಮುದುಕ ಕೂಡ. ಯಾರ ಗಂಡ ಕುಡಿದು ಬಂದ, ಯಾರ ಮಗಳು ಶಾಲೆ ಬಿಟ್ಟಳು, ಯಾವ ಬೀದಿಯ ದೀಪ ಉರಿಯುತ್ತಿಲ್ಲ, ಎಲ್ಲವೂ ಇವಳಿಗೆ ಬೇಕು. ಊರ ಉಸಾಬರಿಯೆಲ್ಲ ನನ್ನ ತಲೆಯ ಮೇಲಿನ ಕೋಣೆಯಲ್ಲೇ ನಡೆಯುತ್ತದೆ, ಕುರ್ಚಿ ಎಳೆಯುವ ಸದ್ದು ನನಗೆ.

ಮೀನಿನ ಕಾರ್ಖಾನೆಗೆ ಮೊದಲು ಸೇರಿದವಳು ನಾನು. ಇವಳು ಬಂದಾಗ ಚಾಕು ಹಿಡಿಯುವುದಕ್ಕೂ ಬರುತ್ತಿರಲಿಲ್ಲ. ಕಿವಿರಿನ ಹಿಂದೆ ಚಾಕು ಇಳಿಸಿ, ಮೂಳೆಗೆ ತಾಗಿಸಿಕೊಂಡೇ ಬಾಲದವರೆಗೆ ಎಳೆಯಬೇಕು ಎಂದು ಕೈ ಹಿಡಿದು ಕಲಿಸಿದೆ. ಇಂದಿಗೂ ಅವಳು ಸೀಳಿದ ಮೀನಿನಲ್ಲಿ ಮುಳ್ಳು ಉಳಿದಿರುತ್ತದೆ. ನನ್ನದರಲ್ಲಿ ಹುಡುಕಿದರೂ ಸಿಗದು. ಆದರೆ ಮುಳ್ಳಿಲ್ಲದ ಮೀನಿಗಾಗಿ ಯಾರನ್ನಾದರೂ ಅಕ್ಕ ಎಂದು ಕರೆದದ್ದು ನೀವು ಕೇಳಿದ್ದೀರಾ?

ಅವಳಿಗೆ ಆ ಹೆಸರು ತಂದುಕೊಟ್ಟದ್ದು ಬಿಸಿನೀರು. ಆ ಬಿಸಿನೀರು ಬಂದದ್ದು ನನ್ನ ರಕ್ತದಿಂದ. ಇದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ.

ಆಗ ಮೀನು ಸಾಗಿಬರುವ ಬೆಲ್ಟಿನ ಪಕ್ಕದ ನಲ್ಲಿಗಳಲ್ಲಿ ಬರುತ್ತಿದ್ದದ್ದು ಕೊರೆಯುವ ನೀರು. ಚಳಿಗಾಲದಲ್ಲಿ ರಬ್ಬರ್ ಗ್ಲೌಸಿನೊಳಗೆ ಬೆರಳು ನಮ್ಮವೋ ಬೇರೆಯವರವೋ ತಿಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಚಾಕು ಜಾರಿ ಅಂಗೈ ಸೀಳಿತು. ನನಗೆ ಗೊತ್ತೇ ಆಗಲಿಲ್ಲ, ಮುಂದಿನ ಮೀನಿಗೆ ಕೈ ಹಾಕಿದ್ದೆ. ಎದುರು ನಿಂತಿದ್ದ ಇವಳು ಕೆಂಪಾದ ಬೆಲ್ಟು ನೋಡಿದಳು. ನಾವಿಬ್ಬರೂ ನಿಲ್ಲುತ್ತಿದ್ದದ್ದು ಕೊನೆಯಲ್ಲಿ, ಮಂಜುಗಡ್ಡೆಯ ಪೆಟ್ಟಿಗೆಗಳ ಮರೆಯಲ್ಲಿ. ಅಲ್ಲಿಯ ಕಂಬದ ಮೇಲೆ ಬೆಲ್ಟು ನಿಲ್ಲಿಸುವ ಕೆಂಪು ಗುಂಡಿ ಇತ್ತು. ಸೂಪರ್‌ವೈಸರ್ ಬಿಟ್ಟು ಬೇರೆ ಯಾರು ಮುಟ್ಟಿದರೂ ಕೆಲಸ ಹೋದಂತೆಯೇ. ಬೆಲ್ಟು ನಿಂತಿತು. ಸೂಪರ್‌ವೈಸರ್ ಕೂಗಾಡುತ್ತ ಓಡಿ ಬಂದ. ಇವಳು, "ಬಿಸಿನೀರು ಬರೋ ತನಕ ಇಲ್ಲಿ ಯಾರೂ ಚಾಕು ಮುಟ್ಟಲ್ಲ" ಎಂದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಚಾಕು ಕೆಳಗಿಟ್ಟರು. ಸಂಜೆಗೆ ಡ್ರಮ್ಮುಗಳಲ್ಲಿ ಬಿಸಿನೀರು ಬಂತು, ಆಮೇಲೆ ಪೈಪೇ ಬಂತು. ಇವತ್ತಿಗೂ ಹೊಸ ಹುಡುಗಿಯರಿಗೆ ನಲ್ಲಿ ತೋರಿಸಿ, "ಇದು ಅಕ್ಕನ ಬಿಸಿನೀರು" ಎನ್ನುತ್ತಾರೆ. ಕೈ ಕೊಯ್ದುಕೊಂಡವಳು ಪಕ್ಕದಲ್ಲೇ ನಿಂತಿದ್ದರೂ ಯಾರಿಗೂ ನೆನಪಾಗುವುದಿಲ್ಲ.

ಈ ವರ್ಷ ಕ್ಯಾಂಟೀನಿನಲ್ಲಿ ಒಂದು ಸುದ್ದಿ ಹೇಳಿದರು. ಉತ್ತರದ ಊರುಗಳಲ್ಲಿ ನಾಲ್ಕು ಜನರಿಗಾಗಿ ಮುಂದೆ ನಿಂತ ಹೆಂಗಸರನ್ನು ಒಂದು ಸಮಿತಿಯವರು ಗುರುತಿಸಿ ಗೌರವಿಸುತ್ತಾರಂತೆ, ನಮ್ಮ ಕಾರ್ಖಾನೆಯಿಂದಲೂ ಒಬ್ಬರನ್ನು ಆರಿಸುತ್ತಾರಂತೆ. ಎಲ್ಲರೂ ಇವಳ ಕಡೆ ತಿರುಗಿದರು. ನಾನು ಚಹಾದ ಲೋಟದೊಳಗೆ ನೋಡುತ್ತ ಕುಳಿತೆ. ಆದರೆ ಮರುವಾರ ಆಫೀಸಿನವಳು ಬಂದದ್ದು ನನ್ನ ಹತ್ತಿರ. "ಸಮಿತಿ ಮೇಡಂ ಬಂದಿದ್ದಾರೆ. ನಿಮ್ಮನ್ನೇ ಕರೀತಿದ್ದಾರೆ."

ಕೊನೆಗೂ ಯಾರಿಗೋ ಕಣ್ಣಿದೆ ಅಂದುಕೊಂಡೆ. ಮೀನಿನ ವಾಸನೆ ಹೋಗಲೆಂದು ಅಂಗೈಗೆ ನಿಂಬೆಹೋಳು ಉಜ್ಜಿದೆ, ಹೊಸ ಏಪ್ರನ್ ಕಟ್ಟಿಕೊಂಡೆ. ಮೆಟ್ಟಿಲು ಹತ್ತುವಾಗ ಇವಳು ಎದುರಾದಳು. "ಹೋಗಿ ಬಾರೇ" ಎಂದು ನಕ್ಕಳು. ಪಾಪ, ನಗಲಿ, ಇನ್ನೆಷ್ಟು ಹೊತ್ತು ಎಂದು ನಾನೂ ನಕ್ಕೆ.

ಮೇಡಂ ಒಳ್ಳೆಯ ಹೆಂಗಸು, ತೆಳ್ಳಗೆ, ಶೀತವಾಗಿ ಮೂಗು ಒರೆಸಿಕೊಳ್ಳುತ್ತಿದ್ದಳು. "ಮೊದಲು ನಿಮ್ಮ ಬಗ್ಗೆ ಒಂದಿಷ್ಟು ಹೇಳಿ" ಎಂದಳು. ನಾನು ಬಾಯಿ ತೆರೆದೆ. ಕೆಲಸ ಸೇರಿದ ದಿನದಿಂದ ಹಿಡಿದು, ಯಾರಾರಿಗೆ ಚಾಕು ಹಿಡಿಯಲು ಕಲಿಸಿದೆ, ನನ್ನ ಮೀನು ಎಷ್ಟು ಚೊಕ್ಕ, ಒಂದನ್ನೂ ಬಿಡಲಿಲ್ಲ. ಅಂಗೈಯ ಗಾಯದ ಗುರುತನ್ನೂ ತೋರಿಸಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ನನ್ನ ಉಸಿರು ಮುಗಿದ ಮೇಲೆ, "ಸಂತೋಷ. ಈಗ ನಿಮ್ಮ ವಾರಗಿತ್ತಿ ವಿಷಯಕ್ಕೆ ಬರೋಣ. ಅವರ ಪರವಾಗಿ ಮಾತಾಡೋಕೆ ಬಂದಿದ್ದೀರಲ್ಲ" ಎಂದಳು.

ಇಷ್ಟು ಹೊತ್ತು ನಿಂಬೆಹಣ್ಣು ಉಜ್ಜಿಕೊಂಡು ಬಂದು ನಾನು ಬಡಬಡಿಸಿದ್ದೆಲ್ಲ ಪೀಠಿಕೆಯಂತೆ! ನಾಚಿಕೆ ಮುಚ್ಚಿಕೊಳ್ಳಲು ಸಿಟ್ಟೊಂದೇ ಇತ್ತು.

"ಏನಂತ ಹೇಳ್ಲಿ?" ಎಂದೆ. "ಎಲ್ಲದಕ್ಕೂ ಮೂಗು ತೂರಿಸ್ತಾಳೆ. ಕೊನೇ ಹೆಂಗಸು ಹತ್ತೋ ತನಕ ಬಸ್ಸು ಬಿಡಕ್ಕೆ ಬಿಡಲ್ಲ, ಆ ಚಳೀಲಿ ನಾವೆಲ್ಲ ನಡುಗ್ತಾ ಕೂತಿರ್ಬೇಕು. ಮಕ್ಕಳನ್ನ ಬಿಡಕ್ಕೆ ಕೋಣೆ ಬೇಕು ಅಂತ ಮ್ಯಾನೇಜರ್ ಬಾಗಿಲಲ್ಲೇ ಕೂತ್ಬಿಟ್ಲು, ಅವ್ರ ಊಟಾನೂ ಕೆಡಿಸಿದ್ಲು. ಕೋಣೆ ಸಿಕ್ತು, ಈಗ ಊರಿನ ಕೂಸುಗಳ ಅಳು ಎಲ್ಲ ನಮ್ಮ ಕಿವಿಗೇ. ಮನೇಲಿ ಕಾಲು ನಿಲ್ಲಲ್ಲ. ಮೀನು ಸೀಳೋದಂತೂ ಕೇಳ್ಲೇಬೇಡಿ."

ಮೇಡಂ ನಗು ತಡೆದುಕೊಂಡಂತೆ ಕಂಡಿತು. ಆಮೇಲೆ ಗಂಭೀರವಾದಳು. "ಒಂದು ತೊಡಕಿದೆ. ಆ ದಿನ ಬೆಲ್ಟ್ ತಾನಾಗೇ ಕೆಟ್ಟು ನಿಂತಿದ್ದು, ಇವರು ಗುಂಡಿ ಮುಟ್ಟೇ ಇಲ್ಲ, ಸುಮ್ನೆ ಹೆಸರು ತಗೊಂಡ್ರು ಅಂತ ನಿಮ್ಮ ಹಳೇ ಸೂಪರ್‌ವೈಸರ್ ಹೇಳ್ತಿದ್ದಾರೆ. ಅದು ನಿಜ ಆದ್ರೆ ನಾವು ಇವರನ್ನ ಕೈಬಿಡಬೇಕಾಗುತ್ತೆ. ಕಣ್ಣಾರೆ ನೋಡಿದವರು ನೀವೊಬ್ಬರೇ. ಏನಾಯ್ತು?"

ಎಂಥ ಹೊತ್ತು ಅದು! "ಹೌದು, ಬೆಲ್ಟ್ ತಾನಾಗೇ ಕೆಟ್ಟಿತ್ತು" ಅಂದರೆ ಮುಗಿಯಿತು. ಯಾರೂ ನನ್ನನ್ನು ಸುಳ್ಳುಗಾತಿ ಅನ್ನುವಂತಿರಲಿಲ್ಲ, ಸೂಪರ್‌ವೈಸರನೇ ನನ್ನ ಬೆನ್ನಿಗಿದ್ದ. ಮನೆಯ ಕರೆಗಂಟೆಯೂ ಸ್ವಲ್ಪ ದಿನ ಸುಮ್ಮನಿರುತ್ತಿತ್ತೇನೋ. ಮಾತು ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಆದರೆ ಕಣ್ಣ ಮುಂದೆ ಬೇರೆಯೇ ಬಂತು. ಅವಳ ಬಿಳಿಚಿಕೊಂಡ ಮುಖ, ಅಷ್ಟೊಂದು ಹೆದರಿಕೆ. ಅವಳು ಧೈರ್ಯವಂತೆ ಎಂದು ಊರೆಲ್ಲ ಹೇಳುತ್ತದೆ. ಆ ದಿನ ಅವಳ ಹಲ್ಲು ಕಟಕಟಿಸಿದ್ದು ನನಗೊಬ್ಬಳಿಗೇ ಗೊತ್ತು.

"ಬೆಲ್ಟ್ ಕೆಟ್ಟಿರ್ಲಿಲ್ಲ" ಎಂದೆ. ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು. "ಚೆನ್ನಾಗೇ ಓಡ್ತಿತ್ತು. ಅವಳೇ ಒತ್ತಿದ್ಲು. ಎಡಗೈಲಿ ಒತ್ತಿದ್ಲು. ಬಲಗೈಲಿ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ಲು, ರಕ್ತ ನಿಲ್ಲಲಿ ಅಂತ."

ಮೇಡಂ ಅದನ್ನು ಬರೆದುಕೊಂಡಳು. ನಾನು ಎದ್ದೆ. ಒಳ್ಳೆಯವಳಾದೆ ಎಂಬ ಸಮಾಧಾನ ಒಂದಿಷ್ಟೂ ಬರಲಿಲ್ಲ. ಇವಳ ಕಿರೀಟಕ್ಕೆ ಕೊನೆಯ ಕಲ್ಲನ್ನೂ ನಾನೇ ಕೂರಿಸಿದೆನಲ್ಲ ಎಂದು ಮೈ ಪರಚಿಕೊಳ್ಳುವಂತಾಗಿತ್ತು.

"ಒಂದ್ನಿಮಿಷ" ಎಂದಳು ಮೇಡಂ. "ಸಾಕ್ಷಿಗೆ ನಿಮ್ಮನ್ನ ಆರಿಸಿದ್ದು ನಾವಲ್ಲ. ತಮ್ಮ ಬಗ್ಗೆ ಮಾತಾಡೋಕೆ ಒಬ್ಬರ ಹೆಸರು ಕೊಡಿ ಅಂತ ಗೌರವಕ್ಕೆ ಆರಿಸಿದವರನ್ನೆಲ್ಲ ಕೇಳ್ತೀವಿ. ಎಲ್ಲರೂ ತಮ್ಮ ಗೆಳತೀರ ಹೆಸರು ಕೊಡ್ತಾರೆ. ಇವರು ನಿಮ್ಮ ಹೆಸರು ಕೊಟ್ರು. 'ಅವಳಿಗೆ ಮೊದಲಿಂದ್ಲೂ ನನ್ನ ಕಂಡ್ರೆ ಆಗಲ್ಲ. ಆದ್ರೆ ಇದ್ದದ್ದನ್ನ ಇದ್ದ ಹಾಗೇ ಹೇಳ್ತಾಳೆ' ಅಂದ್ರು."

ಮೆಟ್ಟಿಲ ಕೆಳಗೆ ಅವಳು ಕಾಯುತ್ತಿದ್ದಳು. ಏನು ಕೇಳಿದರು ಎಂದು ಕೇಳಲಿಲ್ಲ. "ಬಾ, ಬಸ್ಸು ನಿಲ್ಸಿದೀನಿ" ಎಂದಳು ಅಷ್ಟೇ. ನಾನು ಅವಳ ಹಿಂದೆ ನಡೆದೆ. ಇಷ್ಟು ವರ್ಷ ನಗುಮುಖದ ಹಿಂದೆ ಬಚ್ಚಿಟ್ಟಿದ್ದೇನೆ ಅಂದುಕೊಂಡದ್ದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತನ್ನ ಮಾನವನ್ನು ನನ್ನ ಬಾಯಿಗೆ ಬಿಟ್ಟಿದ್ದಳು. ಅವಳ ಬಿಸಿನೀರಿಗೆ, ಅವಳ ಹೆಸರಿಗೆ ನಾನು ಪಟ್ಟ ಹೊಟ್ಟೆಕಿಚ್ಚು ಏನೇನೂ ಅಲ್ಲ ಅನ್ನಿಸುವಷ್ಟು ಕಿಚ್ಚು ಆಗ ಎದ್ದಿತು. ಕೇಳಿದ್ದು ನನ್ನನ್ನಾಗಿದ್ದರೆ, ಯಾರ ಹೆಸರನ್ನು ಕೊಟ್ಟರೂ ಅವಳ ಹೆಸರನ್ನು ಮಾತ್ರ ನಾನು ಕೊಡುತ್ತಿರಲಿಲ್ಲ.