ಮಲಗಿದವರನ್ನು ಎಬ್ಬಿಸದ ಕೋಣೆ

ಚೆನ್ನೈ ಹತ್ತಿರದ ತಾಂಬರಂನಲ್ಲಿ ನಮ್ಮ ಹೋಟೆಲಿನ ಕೆಲಸದವರಿಗೆಂದು ಹಿಡಿದ ವಸತಿಯಲ್ಲಿ ಒಂದು ಕೋಣೆಗೆ ಐದು ಜನ. ಅಲ್ಲಿ ನಮಗಿದ್ದದ್ದು ಒಂದೇ ಕಟ್ಟಳೆ: ಪಾಳಿ ಮುಗಿಸಿ ಮಲಗಿದವನನ್ನು ಯಾರೂ ಎಬ್ಬಿಸಬಾರದು.

ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದ ಕುಂದಾಪುರದವರೊಬ್ಬರನ್ನು ನಾವು ಅಣ್ಣ ಎಂದೇ ಕರೆಯುತ್ತಿದ್ದೆವು. ಒಮ್ಮೆ ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದವರು ಸಂಜೆ ನೋಡಿದರೆ ತಣ್ಣಗಾಗಿದ್ದರು. ಒಂದು ದಿನವೂ ಜ್ವರ ಎಂದು ಮಲಗಿದವರಲ್ಲ. ಮಂಚದ ಪಕ್ಕದಲ್ಲಿ ಅರ್ಧ ಕುಡಿದ ಮಜ್ಜಿಗೆ ಲೋಟ. ಪೊಲೀಸರು ವಿಷದ ಅನುಮಾನದಲ್ಲಿ ಅದನ್ನು ಒಯ್ದರು. ಆಮೇಲೆ ವಾರಗಟ್ಟಲೆ ನಾವು ನಾಲ್ವರೂ ಒಬ್ಬರ ಲೋಟ ಒಬ್ಬರು ಮುಟ್ಟಲಿಲ್ಲ.

ಕೊನೆಗೆ ವರದಿ ಬಂತು. ವಿಷವಲ್ಲ, ಹೃದಯಾಘಾತ. ಮಧ್ಯಾಹ್ನ ಆಘಾತವಾದ ಮೇಲೂ ಎರಡು ಮೂರು ತಾಸು ಜೀವ ಹಿಡಿದುಕೊಂಡಿದ್ದರಂತೆ, ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದರೋ ಏನೋ. "ಆಗ ಕೋಣೆಯಲ್ಲಿ ಯಾರೂ ಇರಲಿಲ್ಲವಾ?" ಎಂದು ಇನ್‌ಸ್ಪೆಕ್ಟರ್ ತಮಿಳಿನಲ್ಲಿ ಕೇಳಿದರು.

ಇದ್ದೆವು, ಎಲ್ಲರೂ ಇದ್ದೆವು! ಬೆಳಕು ಬೀಳದಿರಲಿ ಎಂದು ಒಬ್ಬ ಕಿಟಕಿ ಮುಚ್ಚಿದ. ಇನ್ನೊಬ್ಬ ತುದಿಗಾಲಲ್ಲಿ ಹೋಗಿ ಅಂಗಿ ತೆಗೆದುಕೊಂಡ. ಅಣ್ಣ ನರಳಿದಾಗ, "ಪಾಪ, ಸುಸ್ತಾಗಿದೆ ಅವರಿಗೆ. ಸುಮ್ಮನಿರಿ ಮಾರಾಯ್ರೆ" ಎಂದು ಗದರಿದವನು ನಾನೇ. ಸುಡುಗಾಡು ಮರ್ಯಾದೆ!

ಈಗ ಆ ಮಂಚದಲ್ಲಿ ಹೊಸ ಅಡುಗೆಯವನಿದ್ದಾನೆ. ನಿನ್ನೆ ಮಧ್ಯಾಹ್ನ ಅವನು ನರಳಿದ. ನಾನು ಓಡಿಹೋಗಿ ಭುಜ ಹಿಡಿದು ಅಲುಗಾಡಿಸಿದೆ. ಅವನಿಗೇನೂ ಆಗಿರಲಿಲ್ಲ, ಎದ್ದು ರೇಗಿದ. ಉಳಿದ ಮೂವರು, ಅಂದು ಇದ್ದ ಅದೇ ಮೂವರು, ನನಗೇ ಬೈದರು:

"ಪಾಪ, ಸುಸ್ತಾಗಿ ಮಲಗಿದ್ದಾನೆ. ಯಾಕೆ ಎಬ್ಬಿಸಿದ್ದು?"