ಮುಳ್ಳಣ್ಣನ ಎರಡೂವರೆ ಕಿಲೋ

ಮಾಲು ಹಳೆಯದು, ಐವತ್ತೆಂಟು ವರ್ಷದ್ದು. ಹೊರಗಿನ ಚೀಲ ಸವೆದಿದೆ, ಒಳಗಿನ ಕಾಳು ಗಟ್ಟಿ. ಎತ್ತರ ಸಾಧಾರಣ, ಮಾತು ಕಡಿಮೆ, ಚಪ್ಪಲಿ ಬಿಟ್ಟು ತೂಕ ಅರವತ್ನಾಲ್ಕು ಕಿಲೋ. ಮೊದಲ ನೋಟಕ್ಕೆ ಗಿರಾಕಿ ಪಕ್ಕದ ಅಂಗಡಿಗೆ ಹೋದಾನು. ಎರಡನೆಯ ಸಲ ನೋಡಿದವನು ಬಿಟ್ಟುಹೋಗುವುದಿಲ್ಲ. ನಮ್ಮ ಕಾಳಿನ ಗೋದಾಮಿನಲ್ಲಿ ಇಪ್ಪತ್ತಾರು ವರ್ಷದಿಂದ ತೂಕದ ಕಾಟಾ ಮುಂದೆ ನಿಲ್ಲುವವನು ಇವನೇ. ಮುಳ್ಳಿನ ಅಲುಗಾಟ ನಿಲ್ಲುವವರೆಗೆ ಇವನ ಬಾಯಿಂದ ಅಂಕಿ ಹೊರಡದು. ಅದಕ್ಕೇ ಹಮಾಲರು ಇಟ್ಟ ಹೆಸರು ಮುಳ್ಳಣ್ಣ. ತೂಕ ನಡೆಯುವಾಗ ಕಾಟಾ ಬಿಟ್ಟು ಕದಲಬಾರದೆಂಬುದು ಅವನ ಹಟ. ಬೆನ್ನು ತಿರುಗಿಸಿದರೆ ಚೀಲ ಬದಲಾಗುತ್ತದೆ ಎಂಬುದು ಅವನಿಗೂ ಗೊತ್ತು, ಚೀಲಕ್ಕೂ ಗೊತ್ತು.

ಹೋದ ವರ್ಷ ಮನೆಯ ಮೆಟ್ಟಿಲು ಹತ್ತುವಾಗ ಅವನಿಗೆ ಉಸಿರು ಕಟ್ಟಿತು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಹೃದಯ ಸೋತಿದೆ, ರಕ್ತವನ್ನು ಮೊದಲಿನ ಹಾಗೆ ತಳ್ಳುತ್ತಿಲ್ಲ ಎಂದರು. ರಕ್ತನಾಳ ಸಡಿಲಿಸಿ ಹೃದಯದ ಹೊರೆ ಇಳಿಸಲು ಒಂದು ಮಾತ್ರೆ ಕೊಟ್ಟರು. ಅದರಿಂದ ಒಣಕೆಮ್ಮು ಬಂದರೆ ಹೇಳಬೇಕೆಂದರು. ಕೆಮ್ಮು ಬಂತು. ಗೋದಾಮಿನಲ್ಲಿ ಕೆಮ್ಮದವರು ಯಾರು? ಅದನ್ನು ಅವನು ಧೂಳಿನ ತಲೆಗೆ ಕಟ್ಟಿ ಸುಮ್ಮನಾದ. ಬಡಿತ ನಿಧಾನ ಮಾಡಿ ಹೃದಯಕ್ಕೆ ದಣಿವಾರಿಸುವ ಇನ್ನೊಂದು ಮಾತ್ರೆಯಿಂದ ಮೊದಮೊದಲು ಕಾಲೆಳೆಯುವಷ್ಟು ಸುಸ್ತಾಗುತ್ತಿತ್ತು, ಥಟ್ಟನೆ ಎದ್ದರೆ ತಲೆ ಸುತ್ತುತ್ತಿತ್ತು. ಅದನ್ನೂ ನುಂಗಿಕೊಂಡ. ಸೋತ ಹೃದಯದ ದೆಸೆಯಿಂದ ಮೈಯಲ್ಲಿ ನಿಲ್ಲುವ ನೀರನ್ನು ಮೂತ್ರದಲ್ಲಿ ಹೊರಹಾಕುವ ಮೂರನೆಯ ಮಾತ್ರೆಯೇ ಅವನಿಗೆ ಮುಳುವಾದದ್ದು.

"ದಿನಾ ಬೆಳಿಗ್ಗೆ ತೂಕ ನೋಡ್ಕೊಳ್ಳಿ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದ್ರೆ ಅದು ಕೊಬ್ಬಲ್ಲ, ನೀರು. ಶ್ವಾಸಕೋಶಕ್ಕೆ ತುಂಬ್ಕೊಂಡ್ರೆ ಪ್ರಾಣಕ್ಕೇ ಅಪಾಯ. ತಕ್ಷಣ ಬನ್ನಿ" ಎಂದಿದ್ದರು ಡಾಕ್ಟರಮ್ಮ.

ಅವರು ಹೇಳಿದ್ದರಲ್ಲೆಲ್ಲ ಮುಳ್ಳಣ್ಣನಿಗೆ ಹಿಡಿಸಿದ್ದು ಇದೊಂದೇ ಮಾತು. ದಿನಾ ಬೆಳಿಗ್ಗೆ ಗೋದಾಮಿನ ಬಾಗಿಲು ತೆಗೆದ ಕೂಡಲೇ ಕಾಟಾ ಹತ್ತಿ, ಬಾಗಿಲ ಚೌಕಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ತೂಕ ಬರೆಯತೊಡಗಿದ.

ನೀರು ಇಳಿಸುವ ಆ ಮೂರನೆಯ ಮಾತ್ರೆ ನುಂಗಿ ಅರ್ಧ ಗಂಟೆಯಾದರೆ ಮೂತ್ರಕ್ಕೆ ಓಟ ಶುರು. ಒಂದು ಬೆಳಿಗ್ಗೆ ಐದು ಲಾರಿ ಸಾಲುಗಟ್ಟಿದ್ದಾಗ ಅವನು ಮೂರು ಸಲ ಹಿಂದಕ್ಕೆ ಹೋಗಿ ಬಂದ. ಗೋದಾಮಿನ ಯಜಮಾನನಾದ ನಾನು ಹಮಾಲರ ಮುಂದೆಯೇ ಕೇಳಿದೆ: "ಏನಪ್ಪಾ ಮುಳ್ಳಣ್ಣ, ಕಾಟಾ ಇಲ್ಲೇ ಇದೆಯೋ, ಪಾಯಿಖಾನೆಗೆ ಎತ್ಕೊಂಡು ಹೋದೆಯೋ?"

ಎಲ್ಲರೂ ನಕ್ಕರು. ಅವನೂ ನಕ್ಕ. ಮರುದಿನ ಮಾತ್ರೆ ಜೇಬಿನಲ್ಲೇ ಉಳಿಯಿತು. ಸಂಜೆ ನುಂಗಿ ನೋಡಿದ. ರಾತ್ರಿಯಿಡೀ ಏಳುವುದೇ ಆಯಿತು. ಆಮೇಲೆ ನುಂಗುವುದನ್ನೇ ಬಿಟ್ಟ. ಹೆಂಡತಿಗೆ ಹೇಳಲಿಲ್ಲ.

ಚೌಕಟ್ಟಿನ ಮೇಲೆ ಅರವತ್ನಾಲ್ಕು ಇದ್ದದ್ದು ಅರವತ್ತೈದಾಯಿತು. ಮೂರನೆಯ ಬೆಳಿಗ್ಗೆ ಮುಳ್ಳು ಅರವತ್ತಾರೂವರೆಗೆ ಹೋಗಿ ನಿಂತಿತು. ಇನ್ನೊಬ್ಬನಾಗಿದ್ದರೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದ. ಇವನು ತೂಕದವನು, ಇವನಿಗೆ ಅನುಮಾನ ಬಂದದ್ದು ಕಾಟಾದ ಮೇಲೆ. ಮುದ್ರೆಯೊತ್ತಿದ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಬಟ್ಟುಗಳನ್ನು ಏದುಸಿರು ಬಿಡುತ್ತ ಹೊತ್ತು ತಂದು ಇಟ್ಟು ನೋಡಿದ. ಸರಿಯಾಗಿ ತೋರಿಸಿತು. ಆದರೂ ನಂಬದೆ ತೂಕ ನಿಲ್ಲಿಸಿ, ರಿಪೇರಿಯವನಿಗೆ ಹೇಳಿಕಳಿಸಿದ. ಲಾರಿಯವರು ಗೊಣಗಿದರು. ನಾನೂ ಗೊಣಗಿದೆ.

ರಿಪೇರಿಯವನು ಒಂದು ಗಂಟೆ ಕಾಟಾದ ಹೊಟ್ಟೆ ಬಗೆದು ನೋಡಿ ಮುಚ್ಚಿದ. "ಕಾಟಾ ಚಿನ್ನದ ಹಾಗಿದೆ ಅಣ್ಣ. ರಿಪೇರಿ ಬೇಕಾಗಿರೋದು ಅದರ ಮೇಲೆ ಹತ್ತಿದವರಿಗೆ."

ಅವನು ತಮಾಷೆಗೆ ಅಂದದ್ದು. ಮುಳ್ಳಣ್ಣ ಚೀಲದ ಮೇಲೆ ಕುಳಿತು, ಪ್ಯಾಂಟು ಮೇಲೆತ್ತಿ, ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದ. ಕಲಸಿದ ಹಿಟ್ಟಿನಲ್ಲಿ ಒತ್ತಿದ ಹಾಗೆ ಗುಳಿ ಗುಳಿಯಾಗಿಯೇ ಉಳಿಯಿತು.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬಂದವಳು ರಿಪೇರಿಯವನನ್ನೂ ಆ ಗುಳಿಯನ್ನೂ ಅವನ ಉಸಿರಾಟವನ್ನೂ ನೋಡಿದಳು. ಮಾತ್ರೆ ಎಲ್ಲಿ ಎಂದಳು. ಅವನು ಜೇಬಿನಿಂದ ತೆಗೆದುಕೊಟ್ಟ.

"ಕಾಟಾನ ಅನುಮಾನಿಸಿದ್ರಿ, ಜೇಬನ್ನ ಅನುಮಾನಿಸಲಿಲ್ಲ ಅಲ್ವಾ?"

"ಇನ್ನೆರಡು ಲಾರಿ ಇದೆ ಕಣೇ."

"ಲಾರಿಗೆ ಆರು ಚಕ್ರ ಇದೆ, ಅದು ನಿಂತ್ಕೊಳ್ಳತ್ತೆ. ಏಳಿ."

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ಅರ್ಧ ತೂಗಿದ ಲಾರಿ ಬಿಟ್ಟು ಅವನು ಬಾಗಿಲು ದಾಟಿದ. ಆಟೋ ಹತ್ತುವಷ್ಟರಲ್ಲಿ ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ.

ಆರು ದಿನ ಆಸ್ಪತ್ರೆಯಲ್ಲಿದ್ದ. ಇಂಜೆಕ್ಷನ್ ಕೊಟ್ಟು ನೀರು ಇಳಿಸಿದರು, ಕೆಮ್ಮು ತರುತ್ತಿದ್ದ ಮಾತ್ರೆ ಬದಲಾಯಿಸಿದರು. ನಾನು ನೋಡಲು ಹೋದ ದಿನ ಡಾಕ್ಟರಮ್ಮ ಅಲ್ಲೇ ಇದ್ದರು. ಕೆಲಸವಿರುವ ದಿನ ನೀರಿನ ಮಾತ್ರೆಯನ್ನು ಕೆಲಸದ ಒತ್ತಡ ಇಳಿದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳಬಹುದಿತ್ತು, ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ, ಹೃದಯದ ಮಾತ್ರೆಯನ್ನು ಮನಸ್ಸಿಗೆ ಬಂದ ಹಾಗೆ ಬಿಡುವುದು ಮಾತ್ರ ಕೂಡದು ಎಂದು ಗದರಿಸಿದರು. ಆಮೇಲೆ ದನಿ ತಗ್ಗಿಸಿ, ಕೆಲಸದ ಜಾಗದಲ್ಲಿ ಯಾರಾದರೂ ಏನಾದರೂ ಅಂದರಾ ಎಂದು ಕೇಳಿದರು.

ನಾನು ಮಂಚದ ಕಾಲಿನ ಹತ್ತಿರ ನಿಂತಿದ್ದೆ. ಅವನು ನನ್ನ ಕಡೆ ನೋಡಲಿಲ್ಲ.

"ಇಲ್ಲಮ್ಮ. ಯಾರೂ ಏನೂ ಅನ್ನಲಿಲ್ಲ. ನನ್ನದೇ ಸೋಮಾರಿತನ."

ಈಗ ಮತ್ತೆ ಕೆಲಸಕ್ಕೆ ಬರುತ್ತಾನೆ, ಅರ್ಧ ದಿನ ಮಾತ್ರ. ಹೃದಯ ಇನ್ನಷ್ಟು ಸೋತಿದೆಯಂತೆ. ಕುಳಿತೇ ತೂಗುತ್ತಾನೆ. ಅವನು ಎದ್ದು ಹೋದಾಗ ಕಾಟಾ ಹತ್ತಿರ ನಾನು ನಿಲ್ಲುತ್ತೇನೆ. ಅವನಲ್ಲಿ ನಾನು ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.